ಎರಡು ಪಿಸ್ತೂಲುಗಳ ನಡುವೆ

ಮಾರ್ಚ್ 4, ಮಂಗಳವಾರ

ಪೊಲೀಸ್ ಅಧಿಕಾರಿ ಹೊರಡುವಾಗ, “ನೆನಪಾದದ್ದನ್ನೆಲ್ಲ ಬರೆದಿಡಿ, ಚಿಕ್ಕದು ಅಂತ ಬಿಡಬೇಡಿ” ಎಂದರು. ಅತ್ತೆ “ಬರೆಯೋಕೆ ನನಗೆ ಪುರುಸೊತ್ತಿಲ್ಲ” ಎಂದುಬಿಟ್ಟರು. ಹಾಗಾಗಿ ನಾನು ಬರೆಯುತ್ತಿದ್ದೇನೆ.

ಬೆಳಿಗ್ಗೆ ನಾನು ಕೆಲಸಕ್ಕೆಂದು ಕನ್ನಡಕದ ಅಂಗಡಿಗೆ ಹೋದೆ, ಇವರು ಲಿಫ್ಟ್ ರಿಪೇರಿ ಕೆಲಸಕ್ಕೆ ಹೋದರು. ಮನೆಯಲ್ಲಿ ಅತ್ತೆ ಒಬ್ಬರೇ. ಯಾರೋ ಬಂದು ನೀರಿನ ಮೀಟರ್ ನೋಡಬೇಕು ಎಂದನಂತೆ. ಅತ್ತೆ ಬಾಗಿಲು ತೆಗೆದರು. ಒಳಗೆ ಬಂದವನು ಅವರ ತೋಳು ಹಿಡಿದು, ಅಡುಗೆಮನೆಯ ಪಕ್ಕದ ಉಗ್ರಾಣದೊಳಕ್ಕೆ ದೂಡಿ, ಹೊರಗಿನಿಂದ ಚಿಲಕ ಹಾಕಿದ. “ಅಜ್ಜೀ, ಸುಮ್ನೆ ಕೂತ್ಕೊಳ್ಳಿ, ನಿಮಗೇನೂ ಮಾಡಲ್ಲ” ಎಂದನಂತೆ. ಅವನಿಗೆ ನೆಗಡಿಯಾಗಿತ್ತು, ಮೂಗು ಸೊರಸೊರ ಎನ್ನುತ್ತಿತ್ತು. ಅತ್ತೆಗೆ ಚೆನ್ನಾಗಿ ನೆನಪಿರುವುದು ಅದೊಂದೇ. ಲ್ಯಾಪ್‌ಟಾಪ್ ಹೋಗಿದೆ, ನನ್ನ ಎರಡು ಉಂಗುರ ಹೋಗಿವೆ, ಇವರ ಡ್ರಿಲ್ಲಿಂಗ್ ಮಷೀನ್ ಹೋಗಿದೆ.

ಸಂಜೆ ಇವರು ಬಂದು ಚಿಲಕ ತೆಗೆಯುವವರೆಗೆ ಅತ್ತೆ ಆ ಕತ್ತಲಲ್ಲೇ ಇದ್ದರು. ನಾನು ಓಡೋಡಿ ಬಂದಾಗ ಚಹಾ ಕುಡಿಯುತ್ತ ಕುಳಿತಿದ್ದರು. “ಉಗ್ರಾಣ ಒಮ್ಮೆ ನೋಡು ಹೋಗು, ಡಬ್ಬಿಯೆಲ್ಲ ಸಾಲಾಗಿ ಜೋಡಿಸಿಟ್ಟಿದೀನಿ. ಇನ್ನೇನು ಮಾಡ್ಲಿ ಅಲ್ಲಿ?” ಎಂದರು. ಇವರು ನಕ್ಕರು. ನನಗೆ ನಗು ಬರಲಿಲ್ಲ. ಅತ್ತೆಯ ತೋಳಿನ ಮೇಲೆ ಅವನ ಬೆರಳುಗಳ ಗುರುತು ನೀಲಿಗಟ್ಟಿತ್ತು.

ಮಾರ್ಚ್ 6, ಗುರುವಾರ

ಇವರು ಎರಡು ಬಾಗಿಲಿಗೂ ಹೊಸ ಬೀಗ ಹಾಕಿದರು. ಇನ್ನೊಬ್ಬರಿಂದ ಕೇಳಿ ತಂದ ಡ್ರಿಲ್ಲಿಂಗ್ ಮಷೀನು. ಅದರ ಸದ್ದಿಗೆ ಮೂರು ಸಲ ಬೆಚ್ಚಿದೆ.

ಇವತ್ತು ಅಂಗಡಿಯಲ್ಲಿ ಒಬ್ಬ ಗಿರಾಕಿಯ ಕಣ್ಣು ಪರೀಕ್ಷೆ ಮಾಡುವಾಗ ವಿಷಯ ಹೇಳಿದೆ. ಹೇಳದೆ ಇರಲು ಆಗುತ್ತಿಲ್ಲ, ಬಂದವರಿಗೆಲ್ಲ ಹೇಳುತ್ತಿದ್ದೇನೆ. ಆತ ಮುಖದ ಮೇಲಿನ ಉಪಕರಣ ಸರಿಸಿ ನನ್ನನ್ನೇ ನೋಡಿ, “ಬೀಗ ಹಾಕಿದ್ರೆ ಒಳಗಿರೋರಿಗೆ ಧೈರ್ಯ, ಹೊರಗಿರೋನಿಗೆ ಏನು? ನಾನಂತೂ ಒಂದು ಪಿಸ್ತೂಲು ಇಟ್ಕೊಂಡಿದೀನಿ” ಎಂದ. ಮನೆಗೆ ಬರುವ ದಾರಿಯುದ್ದಕ್ಕೂ ಅದೇ ಮಾತು ಕಿವಿಯಲ್ಲಿತ್ತು.

ಇವರಿಗೆ ಹೇಳಿದೆ. “ಪಿಸ್ತೂಲಾ? ಇಲಿ ಬೋನು ಇಡೋಕೇ ಬರಲ್ಲ ನಮಗೆ, ಹೋದ ಸಲ ನನ್ನ ಹೆಬ್ಬೆರಳೇ ಸಿಕ್ಕಿಹಾಕಿಕೊಂಡಿತ್ತು” ಎಂದರು. ಎಲ್ಲಕ್ಕೂ ತಮಾಷೆ ಇವರಿಗೆ. ತಾಯಿಯ ತೋಳು ನೋಡಿದರೂ ತಮಾಷೆ.

ಮಾರ್ಚ್ 11, ಮಂಗಳವಾರ

ರಜೆ ಹಾಕಿ ಬಂದೂಕಿನ ಅಂಗಡಿಗೆ ಹೋದೆವು. ಇವರು ಬರುವುದಿಲ್ಲ ಎಂದವರು ಕೊನೆ ಗಳಿಗೆಯಲ್ಲಿ ಚಪ್ಪಲಿ ಮೆಟ್ಟಿಕೊಂಡು ಜೊತೆಗೆ ಬಂದರು.

ಹೊರಗಿನಿಂದ ನೋಡಿದರೆ ಯಾವುದೋ ಪಾತ್ರೆ ಅಂಗಡಿ ಇರಬೇಕು ಅನ್ನಿಸುತ್ತದೆ. ಒಳಗೆ ಎಣ್ಣೆಯ ವಾಸನೆ, ಗಾಜಿನ ಪೆಟ್ಟಿಗೆಗಳು, ಫ್ಯಾನಿನ ಗಾಳಿಗೆ ಅಲುಗಾಡುವ ಬೆಲೆ ಚೀಟಿಗಳು. ಅಂಗಡಿಯಾತ ದಪ್ಪ ಮೀಸೆಯ, ನಯವಾದ ಮಾತಿನ ಮನುಷ್ಯ. ಮನೆ ಕಾವಲಿಗೆ ಎಂದ ಕೂಡಲೇ ಎರಡು ಪಿಸ್ತೂಲು ತೆಗೆದು ಹಸಿರು ಬಟ್ಟೆಯ ಮೇಲೆ ಇಟ್ಟ. ಎರಡೂ ಒಂದೇ ಕಂಪನಿಯವು, ಎರಡೂ ಕಪ್ಪು, ಅವಳಿ ಮಕ್ಕಳ ಹಾಗೆ.

“ಏನು ವ್ಯತ್ಯಾಸ?” ಎಂದು ಕೇಳಿದೆ.

“ಎಡಗಡೆಯದಕ್ಕೆ ಸೇಫ್ಟಿ ಇದೆ ಮೇಡಂ. ಈ ಚಿಕ್ಕ ಗುಂಡಿಯನ್ನ ಹೆಬ್ಬೆರಳಲ್ಲಿ ಕೆಳಕ್ಕೆ ಒತ್ತಿದ್ರೆ ಮಾತ್ರ ಗುಂಡು ಹಾರೋದು. ಬಲಗಡೆಯದಕ್ಕೆ ಅದಿಲ್ಲ. ಎತ್ತೋದು, ಒತ್ತೋದು, ಅಷ್ಟೇ.”

“ಯಾವುದು ಒಳ್ಳೇದು?”

“ಎರಡೂ ಒಳ್ಳೇವೇ ಮೇಡಂ.”

ಈ ಉತ್ತರ ಕೇಳಿ ನನಗೇ ನಗು ಬಂತು. ದಿನವಿಡೀ ಕತ್ತಲೆ ಕೋಣೆಯಲ್ಲಿ ಕುಳಿತು ಜನರ ಕಣ್ಣ ಮುಂದೆ ಗಾಜು ಬದಲಿಸುತ್ತ “ಇದರಲ್ಲಿ ಚೆನ್ನಾಗಿ ಕಾಣುತ್ತಾ, ಇದರಲ್ಲಾ?” ಎಂದು ಕೇಳುವವಳು ನಾನು. ಎಷ್ಟೋ ಜನ “ಎರಡೂ ಒಂದೇ ಥರ” ಎನ್ನುತ್ತಾರೆ, ಎರಡೂ ಒಂದೇ ಥರ ಅಲ್ಲ ಎಂದು ನನಗೆ ಗೊತ್ತಿರುತ್ತದೆ. ಇವತ್ತು ನಾನು ಗಿರಾಕಿಯ ಕುರ್ಚಿಯಲ್ಲಿ ಕುಳಿತ ಹಾಗಾಯಿತು.

ಎಡಗಡೆಯದರ ಹಿಡಿ ಸ್ವಲ್ಪ ದಪ್ಪ. ಬಲಗಡೆಯದು ಕೈಗೆ ಹೇಳಿ ಮಾಡಿಸಿದ ಹಾಗಿತ್ತು. ಎತ್ತುವವರೆಗೆ ಅಷ್ಟೊಂದು ಭಾರ ಎಂದು ತಿಳಿದಿರಲಿಲ್ಲ. ಆದರೆ ಭಾರ ಒಳ್ಳೆಯದೆನ್ನಿಸಿತು. ಕೆಳಗಿಡಲು ಮನಸ್ಸಾಗದೆ ಇನ್ನಷ್ಟು ಹೊತ್ತು ಹಿಡಿದುಕೊಂಡೇ ನಿಂತೆ.

ಇವರು ಎರಡನ್ನೂ ಮುಟ್ಟಲಿಲ್ಲ. “ತಗೊಳ್ಳೋದೇ ಆದ್ರೆ ಸೇಫ್ಟಿ ಇರೋದು” ಎಂದರು. ಪರವಾನಗಿಗೆ ಅರ್ಜಿ ಕೊಟ್ಟು ಬಂದೆವು. ತರಬೇತಿಗೂ ಹೋಗಬೇಕಂತೆ.

ಮಾರ್ಚ್ 15, ಶನಿವಾರ

ಇವರದು ಒಂದೇ ಹಟ: ಸೇಫ್ಟಿ. ನಾನೂ ಯೋಚಿಸಿದೆ. ಗಾಬರಿಯಲ್ಲಿ ಹೆಬ್ಬೆರಳು ಜಾರಿದರೆ? ಮರೆತರೆ? ಚಿಟಿಕೆ ಹೊಡೆಯುವಷ್ಟು ಹೊತ್ತಿನಲ್ಲಿ ಏನು ಬೇಕಾದರೂ ಆಗಬಹುದು. ಆದರೆ ಡ್ರಾಯರಿನಿಂದ ತೆಗೆದು ಇಡುವಾಗ ಸೇಫ್ಟಿ ಇಲ್ಲದ್ದು ಕೈತಪ್ಪಿದರೆ? ಯಾವ ಕಡೆಗೂ ಮನಸ್ಸು ನಿಲ್ಲುತ್ತಿಲ್ಲ.

ಅತ್ತೆ ಬಾಯಿ ಮುಚ್ಚಿಕೊಂಡು ಇರುವವರಲ್ಲ, ಯಾರು ಬಂದರೂ ಬಾಗಿಲು ತೆಗೆದು ಮಾತಿಗೆ ನಿಲ್ಲುತ್ತಾರೆ. ಹಾಗಾಗಿ ಕೆಲಸಕ್ಕೆ ಹೋಗುವಾಗ ನಾನೇ ಹೊರಗಿನಿಂದ ಬೀಗ ಹಾಕಿ ಕೀಲಿ ಜೊತೆಗೆ ಒಯ್ಯುತ್ತಿದ್ದೇನೆ. ಫೋನು ಇದೆಯಲ್ಲ, ಏನಾದರೂ ಬೇಕಾದರೆ ಮಾಡುತ್ತಾರೆ. ಈಗ ಅಂಗಡಿಯಲ್ಲಿ ನೆಮ್ಮದಿಯಿಂದ ಕೆಲಸ ಮಾಡಬಹುದು.

ಮಾರ್ಚ್ 22, ಶನಿವಾರ

ತರಬೇತಿಯ ಮೊದಲ ದಿನ. ಕಲಿಸುವವಳು ನನಗಿಂತ ಚಿಕ್ಕವಳು, ಕೂದಲು ಬಿಗಿಯಾಗಿ ಕಟ್ಟಿಕೊಂಡು ಚುರುಕಾಗಿ ಓಡಾಡುತ್ತಾಳೆ. ಒಂದೊಂದು ಮಾತನ್ನೂ ನಮ್ಮ ಬಾಯಲ್ಲಿ ಹೇಳಿಸುತ್ತಾಳೆ. “ಎದುರಿಗಿರೋದು ಯಾರು ಅಂತ ಗೊತ್ತಾಗೋ ತನಕ ಬೆರಳು ಟ್ರಿಗರ್ ಹೊರಗೆ. ಹೇಳಿ!” ಎಲ್ಲರೂ ಶಾಲೆಯ ಮಕ್ಕಳ ಹಾಗೆ ಹೇಳಿದೆವು.

ಮೊದಲ ಗುಂಡಿಗೆ ಕೈ ಜುಮ್ಮೆಂದಿತು, ಕಣ್ಣು ತಾನಾಗಿ ಮುಚ್ಚಿತು. ಆಮೇಲೆ ಮುಚ್ಚಲಿಲ್ಲ. ಕಾಗದದ ಮನುಷ್ಯನ ಎದೆಯಲ್ಲಿ ನನ್ನ ತೂತುಗಳೆಲ್ಲ ಒಂದು ಅಂಗೈಯಷ್ಟು ಜಾಗದೊಳಗೆ ಬಂದವು. “ಮೊದಲೇ ಕಲಿತಿದ್ರಾ?” ಎಂದಳು. ಕನ್ನಡಕದ ಕೆಲಸ ಎಂದೆ. “ಅದಕ್ಕೇ!” ಎಂದಳು. ಮದುವೆಯಾದ ಮೇಲೆ ಯಾರೂ ನನ್ನನ್ನು ಇಷ್ಟು ಹೊಗಳಿರಲಿಲ್ಲ.

ಆ ಕಾಗದವನ್ನು ಮಡಚಿ ಮನೆಗೆ ತಂದು ತೋರಿಸಿದೆ. ಅತ್ತೆ ಕನ್ನಡಕ ಏರಿಸಿಕೊಂಡು ನೋಡಿದರು. “ಪಾಪ, ಇವನು ಯಾರ ಮನೆಯವನೋ” ಎಂದರು.

ಮಾರ್ಚ್ 27, ಗುರುವಾರ

ಅಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುತ್ತಿದ್ದೆ. ಒಬ್ಬ ಗಿರಾಕಿ ಸದ್ದಿಲ್ಲದೆ ಹಿಂದೆ ಬಂದು ನಿಂತಿದ್ದಾನೆ. ತಿರುಗಿದವಳೇ ಸ್ಕ್ರೂಡ್ರೈವರ್ ಅವನ ಮುಖಕ್ಕೆ ಹಿಡಿದೆನಂತೆ. ಸಣ್ಣ ಸ್ಕ್ರೂಡ್ರೈವರ್, ಕಡ್ಡಿಯಷ್ಟು. ಆತ ಅದನ್ನೇ ದೊಡ್ಡದು ಮಾಡಿ ಕೂಗಾಡಿದ. ಮಾಲೀಕರು ಎರಡು ದಿನ ಮನೆಯಲ್ಲಿರಿ ಎಂದರು. ಹಿಂದೆ ಬಂದು ನಿಲ್ಲುವವರಿಗೆ ಯಾರೂ ಏನೂ ಹೇಳುವುದಿಲ್ಲ.

ಒಂದು ಒಳ್ಳೆಯ ವಿಷಯ: ಅತ್ತೆ ಚೇತರಿಸಿಕೊಂಡಿದ್ದಾರೆ. ಈಗ ಮನೆಯಲ್ಲಿ ಓಡಾಡುವಾಗೆಲ್ಲ ಹಾಡಿಕೊಳ್ಳುತ್ತಿರುತ್ತಾರೆ, ಅಡುಗೆಮನೆಯಿಂದ ಕೋಣೆಗೆ, ಕೋಣೆಯಿಂದ ಅಂಗಳಕ್ಕೆ. ಮೊದಲು ಹಾಡುತ್ತಿದ್ದವರೇ ಅಲ್ಲ. ಇವರೂ ಅಷ್ಟೇ, ಗೇಟಿನ ಹತ್ತಿರವೇ “ನಾನು ಬಂದೆ!” ಎಂದು ಕೂಗಿಕೊಂಡೇ ಒಳಗೆ ಬರುತ್ತಾರೆ. ಮನೆ ಗಲಗಲ ಎನ್ನುತ್ತಿದೆ.

ಏಪ್ರಿಲ್ 2, ಬುಧವಾರ

ಅವನು ಸಿಕ್ಕಿಬಿದ್ದನಂತೆ. ಇನ್ನೊಂದು ಬಡಾವಣೆಯಲ್ಲಿ ಇದೇ ಮೀಟರ್ ಕಥೆ ಹೇಳಿ ಒಳಗೆ ಹೋಗುವಾಗ ಹಿಡಿದಿದ್ದಾರೆ. ಗುರುತು ಹಿಡಿಯಲು ಅತ್ತೆಯನ್ನು ಠಾಣೆಗೆ ಕರೆದೊಯ್ದೆವು. ಅತ್ತೆ ಕಿಂಡಿಯಿಂದ ನೋಡಿ, “ಇವನೇ. ನೆಗಡಿ ವಾಸಿ ಆದ ಹಾಗಿದೆ” ಎಂದರು. ಅಧಿಕಾರಿಯೂ ನಕ್ಕುಬಿಟ್ಟರು.

ಹೊರಗೆ ಬಂದ ಮೇಲೆ ಇವರು ಹಗುರವಾಗಿ ಉಸಿರು ಬಿಟ್ಟು, “ಮುಗೀತಲ್ಲ. ಇನ್ನು ಆ ಪಿಸ್ತೂಲಿನ ಗೊಡವೆ ಬಿಡೋಣ” ಎಂದರು.

“ಒಬ್ಬ ಸಿಕ್ಕಿದ. ಊರಲ್ಲಿ ಅವನೊಬ್ಬನೇನಾ?”

“ಹಾಗಂತ ಊರಿಗೆಲ್ಲ ಗುಂಡು ಹೊಡೆಯೋಕಾಗುತ್ತಾ?”

ಪರವಾನಗಿ ನಿನ್ನೆಯೇ ಬಂದಿದೆ, ಇವರಿಗೆ ಹೇಳಿರಲಿಲ್ಲ. ಬಂದೂಕಿನ ಅಂಗಡಿಯಾತನಿಗೆ ಫೋನು ಮಾಡಿದೆ. ಎರಡನ್ನೂ ನನಗಾಗಿ ತೆಗೆದಿಟ್ಟಿದ್ದಾನೆ, ಮಂಗಳವಾರ ಬಂದು ಒಂದನ್ನು ಆರಿಸಿಕೊಳ್ಳಬೇಕು. ಎಡಗಡೆಯದೋ ಬಲಗಡೆಯದೋ, ಅದೇ ತಲೆಯಲ್ಲಿ ಸುತ್ತುತ್ತಿದೆ. ಕಲಿಸುವವಳನ್ನು ಕೇಳಿದೆ. “ಮನೇಲಿ ಅಭ್ಯಾಸ ಮಾಡಿ ನೋಡಿ, ನಿಮ್ಮ ಕೈಯೇ ಹೇಳುತ್ತೆ” ಎಂದು ನೀಲಿ ಪ್ಲಾಸ್ಟಿಕ್ಕಿನ ಅಭ್ಯಾಸದ ಪಿಸ್ತೂಲು ಕೊಟ್ಟಳು. ಗುಂಡು ಹಾಕಲು ಆಗುವುದಿಲ್ಲ, ಟ್ರಿಗರ್ ಒತ್ತಿದರೆ ಕಟಕ್ ಎನ್ನುತ್ತದೆ.

ಏಪ್ರಿಲ್ 5, ಶನಿವಾರ

ಅಭ್ಯಾಸ ಮುಗಿಯಿತು. ತುಂಬ ಬೇಗ ಒತ್ತಿದೆ. ಸೇಫ್ಟಿ ಇದ್ದಿದ್ದರೆ ಖಂಡಿತ ತಡವಾಗುತ್ತಿತ್ತು. ಬಲಗಡೆಯದೇ.

ಇವರು ಊಟ ಮಾಡಲಿಲ್ಲ. ಹೊಟ್ಟೆ ಸರಿಯಿಲ್ಲವಂತೆ.

ಏಪ್ರಿಲ್ 6, ಭಾನುವಾರ

ನಿನ್ನೆಯದನ್ನು ಪೂರ್ತಿ ಬರೆಯಲಿಲ್ಲ. ಬರೆಯಬೇಕು.

ಏರ್ಪಾಡು ನನ್ನದೇ. ಮಧ್ಯಾಹ್ನ ಊಟವಾದ ಮೇಲೆ ಇವರು ಕಳ್ಳನಾಗಿ ಹಿಂಬಾಗಿಲಿನಿಂದ ಬರಬೇಕು. ಸದ್ದು ಕೇಳಿದ ಕೂಡಲೇ ಅತ್ತೆ ಉಗ್ರಾಣಕ್ಕೆ ಹೋಗಿ ಒಳಗೆ ಕುಳಿತುಕೊಳ್ಳಬೇಕು, ಬಾಯಿ ಬಿಡಬಾರದು. ನಾನು ಮಲಗುವ ಕೋಣೆಯಿಂದ ನೀಲಿ ಪಿಸ್ತೂಲು ಹಿಡಿದು ನಡುಮನೆಗೆ ಬರಬೇಕು.

“ಉಗ್ರಾಣಕ್ಕಾ?” ಎಂದರು ಅತ್ತೆ.

“ಮನೇಲಿ ಕಿಟಕಿ ಇಲ್ಲದ ಕೋಣೆ ಅದೊಂದೇ ಅತ್ತೆ. ಅಲ್ಲೇ ಕ್ಷೇಮ.”

ಅವರು ಅಡುಗೆಮನೆಯ ಕಡೆ ಹೋದರು. ಇವರು ಒಮ್ಮೆ ನನ್ನ ಮುಖ ನೋಡಿದರು, ಆಮೇಲೆ ಹಿತ್ತಲಿಗೆ ಹೋದರು.

ಪರದೆಗಳನ್ನು ಎಳೆದಿದ್ದೆ, ನಡುಮನೆ ಮಬ್ಬಾಗಿತ್ತು. ಕೋಣೆಯ ಬಾಗಿಲ ಹಿಂದೆ ನಿಂತೆ. ಹಿತ್ತಲಲ್ಲಿ ಏನೋ ಸದ್ದಾಯಿತು. ಮೈಯೆಲ್ಲ ಕಣ್ಣಾಗಿ ಹೊರಗೆ ಬಂದೆ. ಅಡುಗೆಮನೆಯ ಕಡೆಯಿಂದ ಆಕೃತಿಯೊಂದು ಬಂತು. ಎತ್ತಿದೆ, ಒತ್ತಿದೆ. ಕಟಕ್. ಇನ್ನೊಮ್ಮೆ. ಇನ್ನೊಮ್ಮೆ. ಆಕೃತಿ ನಿಂತ ಮೇಲೂ ಒತ್ತಿದೆ.

“ನಾನು ಕಣಮ್ಮಾ” ಎಂದಿತು ಅದು.

ಅತ್ತೆ. ಕೈಯಲ್ಲಿ ಒದ್ದೆ ಟವೆಲ್ ಇತ್ತು.

ಇವರು ಹಿಂಬಾಗಿಲಲ್ಲಿ ನಿಂತಿದ್ದರು, ಇನ್ನೂ ಒಳಗೇ ಬಂದಿರಲಿಲ್ಲ. ಎಲ್ಲವನ್ನೂ ನೋಡಿದ್ದರು. ಇವರ ಬಾಯಿಗೆ ತಮಾಷೆ ಬಾರದ್ದನ್ನು ನಾನು ನೋಡಿದ್ದು ಇದೇ ಮೊದಲು.

ನಾನು ಮೊದಲು ಏನು ಹೇಳಿದೆ ಎಂದು ಬರೆಯಲು ನಾಚಿಕೆಯಾಗುತ್ತದೆ. “ಉಗ್ರಾಣದಲ್ಲಿರಿ ಅಂದಿದ್ನಲ್ಲ ಅತ್ತೆ! ಸುಮ್ನೆ ಬಂದ್ರೆ ನನಗೆ ಹೇಗೆ ಗೊತ್ತಾಗಬೇಕು? ಬೇರೆ ದಿನ ಹಾಡಿಕೊಂಡು ಬರ್ತೀರಲ್ಲ, ಹಾಗೆ ಬಂದಿದ್ರೆ—”

ಅತ್ತೆ ಕುರ್ಚಿಯಲ್ಲಿ ಕುಳಿತರು. ಟವೆಲನ್ನು ನಿಧಾನವಾಗಿ ಮಡಚಿದರು.

“ನಾನು ಯಾಕೆ ಹಾಡ್ತೀನಿ ಅಂದ್ಕೊಂಡಿದೀಯ?”

“ಖುಷಿಯಿಂದ...”

“ಖುಷಿ! ನೀನು ಸದ್ದಾದ್ರೆ ಬೆಚ್ಚಿಬೀಳ್ತೀಯ, ತಿರುಗಿ ನೋಡೋ ರೀತಿಗೆ ನನಗೆ ಎದೆ ಧಸಕ್ ಅನ್ನುತ್ತೆ. ಅದಕ್ಕೇ ಬರ್ತಿರೋದು ನಾನು ಅಂತ ನಿನಗೆ ಗೊತ್ತಾಗಲಿ ಅಂತ ಹಾಡ್ತೀನಿ. ನನ್ನ ಕಂಠಕ್ಕೆ ಬೇರೆ ಯಾರು ಹಾಡು ಅಂತಾರೆ? ನಿನ್ನ ಗಂಡ ಗೇಟಿಂದ ಕೂಗ್ತಾನಲ್ಲ, ಅದೂ ಅದಕ್ಕೇ.”

ಇವರ ಕಡೆ ನೋಡಿದೆ. ಇವರು ನೆಲ ನೋಡುತ್ತಿದ್ದರು.

“ಎಲ್ಲ ನಿಮಗೋಸ್ಕರ ತಾನೆ ಅತ್ತೆ ಮಾಡಿದ್ದು...”

“ನನ್ನ ಹೆಸರು ತರಬೇಡ. ಅವನು ಒಂದು ದಿನ ಚಿಲಕ ಹಾಕಿ ಹೋದ. ನೀನು ದಿನಾ ಬೀಗ ಹಾಕಿಕೊಂಡು ಹೋಗ್ತೀಯ.” ಬೈಯುವ ದನಿಯಲ್ಲ ಅದು. ಬೈದಿದ್ದರೆ ನಾನು ತಿರುಗಿ ಬೈಯಬಹುದಿತ್ತು. “ನಿನಗೆ ಭಯ. ‘ನನಗೆ ಭಯ’ ಅಂತ ಒಂದು ಸಲ ಹೇಳು. ಅವತ್ತಿಂದ ಕಾಯ್ತಾ ಇದೀನಿ, ನೀನು ಹೇಳಲೇ ಇಲ್ಲ.”

ನಾನು ನೀಲಿ ಪಿಸ್ತೂಲನ್ನು ಮೇಜಿನ ಮೇಲಿಟ್ಟು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಆಮೇಲೆ ಈ ಪುಸ್ತಕ ತೆಗೆದು, ತುಂಬ ಬೇಗ ಒತ್ತಿದೆ ಎಂದು ಬರೆದೆ. ಬಲಗಡೆಯದೇ ಎಂದೂ ಬರೆದೆ.

ಏಪ್ರಿಲ್ 8, ಮಂಗಳವಾರ

ಇವರಿಗೆ ಹೇಳದೆ ಅಂಗಡಿಗೆ ಹೋದೆ. ಅದೇ ಹಸಿರು ಬಟ್ಟೆ, ಅದೇ ಎರಡು. ಕಾಗದಪತ್ರವೆಲ್ಲ ಸಿದ್ಧ ಮಾಡಿಕೊಂಡು ಅಂಗಡಿಯಾತ ಪೆನ್ನು ಹಿಡಿದು ಕುಳಿತಿದ್ದ.

“ಯಾವುದು ಬರೀಲಿ ಮೇಡಂ?”

ಬಲಗಡೆಯದನ್ನು ಎತ್ತಿದೆ. ಕೈಗೆ ಎಷ್ಟು ಚೆನ್ನಾಗಿ ಕುಳಿತುಕೊಂಡಿತೆಂದರೆ ಕೆಳಗಿಡಲು ಮತ್ತೆ ಮನಸ್ಸಾಗಲಿಲ್ಲ. ಸುಳ್ಳು ಯಾಕೆ ಬರೆಯಲಿ, ಆ ಕ್ಷಣದಲ್ಲಿ ತೆಗೆದುಕೊಂಡೇ ಹೋಗೋಣ ಅನ್ನಿಸಿತು. ಅದನ್ನಿಟ್ಟು ಎಡಗಡೆಯದನ್ನು ಎತ್ತಿದೆ. ಹೆಬ್ಬೆರಳಿನಿಂದ ಸೇಫ್ಟಿ ಒತ್ತಿದೆ. ಅದು ಬೆಣ್ಣೆಯ ಹಾಗೆ ಜಾರಿತು. ಶನಿವಾರ ಇದು ಕೈಯಲ್ಲಿದ್ದಿದ್ದರೂ ಒತ್ತುತ್ತಿದ್ದೆ. ಹೆಬ್ಬೆರಳು ತಡೆಯುತ್ತಿರಲಿಲ್ಲ. ತಿಂಗಳೆಲ್ಲ ತಲೆ ಕೆಡಿಸಿಕೊಂಡ ವ್ಯತ್ಯಾಸ ಇಷ್ಟೇ.

“ಏನಾದ್ರೂ ತೊಂದರೆ ಇದೆಯಾ ಮೇಡಂ? ಬೇಕಾದ್ರೆ ಇನ್ನೊಂದು ಮಾಡೆಲ್ಲು—”

“ಇಲ್ಲ. ಎರಡೂ ಚೆನ್ನಾಗಿವೆ. ನನ್ನ ಕೈ ಸರಿಯಿಲ್ಲ.”

“ಕೈ? ಏನಾಗಿದೆ?”

“ಬೇಡ, ಬಿಡಿ. ಎರಡೂ ಬೇಡ.”

ಅವನ ನಯ ಎಲ್ಲಿ ಹೋಯಿತೋ. “ತಿಂಗಳಿಂದ ಎತ್ತಿಡಿಸಿದೀರಿ, ಬೇರೆಯೋರು ಕೇಳಿದ್ರೂ ಕೊಡಲಿಲ್ಲ” ಎಂದು ಗೊಣಗುತ್ತ ಬಟ್ಟೆಸಮೇತ ಸುತ್ತಿ ಒಳಗಿಟ್ಟ. ನಾನು ಕ್ಷಮೆ ಕೇಳಿ ಹೊರಗೆ ಬಂದೆ. ಬಸ್ ನಿಲ್ದಾಣದಲ್ಲಿ ತಲೆ ಹಿಡಿದುಕೊಂಡು ಕುಳಿತುಬಿಟ್ಟೆ. ಪಕ್ಕದಲ್ಲಿದ್ದ ಹೆಂಗಸು ನೀರು ಬೇಕಾ ಎಂದು ಕೇಳಿದಳು. ಅವಳಿಗೆ, ಮುಖ ಪರಿಚಯವೂ ಇಲ್ಲದವಳಿಗೆ, “ನನಗೆ ಭಯ ಆಗ್ತಿದೆ” ಎಂದೆ. ಅವಳು ಬಸ್ಸು ಬರುವ ತನಕ ಪಕ್ಕದಲ್ಲೇ ಕುಳಿತಿದ್ದಳು. ನಾನು ಹತ್ತಿದ ಮೇಲೂ ಅವಳು ಕೆಳಗೇ ಉಳಿದಳು, ಅದು ಅವಳ ಬಸ್ಸೇ ಆಗಿರಲಿಲ್ಲ.

ಮನೆಗೆ ಬಂದು ಬೀಗ ತೆಗೆದೆ. ಕೀಲಿಯನ್ನು ಅತ್ತೆಯ ಮುಂದಿಟ್ಟೆ. ಅವರು ಎತ್ತಿಕೊಂಡು ಸೆರಗಿನ ತುದಿಗೆ ಕಟ್ಟಿಕೊಂಡರು. “ಚಹಾ ಕುಡೀತೀಯಾ?” ಎಂದರು.

ಏಪ್ರಿಲ್ 12, ಶನಿವಾರ

ಬಾಗಿಲಿಗೆ ಇಣುಕುಗಾಜು ಹಾಕೋಣ ಎಂದು ಇವರು ಹೊರಟರು. ಗಾಜು ನಾನೇ ಆರಿಸಿದೆ, ಅಂಚಿನವರೆಗೂ ಚೆನ್ನಾಗಿ ಕಾಣುವಂಥದ್ದು. ಇವರು ತಮ್ಮ ಎತ್ತರಕ್ಕೆ ತೂತು ಕೊರೆದು, ಹಾಕಿ, ಕೈ ಒರೆಸಿಕೊಂಡು, “ಅಮ್ಮಾ, ಬಂದು ನೋಡು” ಎಂದರು. ಅತ್ತೆ ತುದಿಗಾಲಲ್ಲಿ ನಿಂತರೂ ಕಣ್ಣು ಅದರ ತನಕ ಎಟುಕಲಿಲ್ಲ.

“ಹಗಲೆಲ್ಲ ಮನೇಲಿರೋಳು ನಾನು. ಇದನ್ನ ಜಿರಾಫೆಗೆ ಹಾಕಿಸಿದೀಯಾ?”

ಕೆಳಗೆ ಇನ್ನೊಂದು ಕೊರೆಯಬೇಕಾಯಿತು. ಈಗ ನಮ್ಮ ಬಾಗಿಲಿಗೆ ಎರಡು ಕಣ್ಣು, ಒಂದರ ಕೆಳಗೊಂದು. ಬೀದಿಯಲ್ಲಿ ಹೋಗುವವರು ನಿಂತು ನೋಡುತ್ತಾರೆ.

ಏಪ್ರಿಲ್ 27, ಭಾನುವಾರ

ಇಷ್ಟು ದಿನ ಬರೆಯಲು ನೆನಪಾಗಲಿಲ್ಲ. ಅಂಗಡಿಯಲ್ಲಿ ವಿಪರೀತ ಕೆಲಸ, ಶಾಲೆಯ ಮಕ್ಕಳ ಕಣ್ಣು ಪರೀಕ್ಷೆ. ಪರೀಕ್ಷೆಯ ಫಲಕದ ಅಕ್ಷರಗಳನ್ನೇ ಬಾಯಿಪಾಠ ಮಾಡಿಕೊಂಡು ಬಂದ ಒಬ್ಬಳು ಎರಡೂ ಕಣ್ಣು ಮುಚ್ಚಿ ಓದಿಬಿಟ್ಟಳು.

ಇವತ್ತು ಇವರು ಮಲಗಿದ್ದರು. ನಾನೂ ಅತ್ತೆಯೂ ಬಟ್ಟೆ ಮಡಚುತ್ತಿದ್ದೆವು. ಬಾಗಿಲು ದಬದಬ ಬಡಿದ ಸದ್ದಾಯಿತು. ನಾನು ಮಡಚುತ್ತಿದ್ದ ಬಟ್ಟೆ ಹಿಡಿದುಕೊಂಡೇ ಎದ್ದು ನಿಂತೆ. ಅತ್ತೆ ಎದ್ದು ಹೋಗಿ ಕೆಳಗಿನ ಗಾಜಿಗೆ ಕಣ್ಣಿಟ್ಟರು. ನಾನು ಅವರ ಬೆನ್ನ ಹಿಂದೆ ನಿಂತು ಮೇಲಿನದರಲ್ಲಿ ನೋಡಿದೆ. ಇಬ್ಬರು ಗಂಡಸರು, ಅಪರಿಚಿತರು, ಬೆವರಿನಲ್ಲಿ ತೊಯ್ದಿದ್ದರು. ನಡುವೆ ಒಂದು ದೊಡ್ಡ ಮೇಜು, ಕಾಲು ಮೇಲಾಗಿ.

“ಯಾರಪ್ಪಾ?” ಎಂದು ಅತ್ತೆ ಕೂಗಿದರು.

“ಮೇಜು ತಂದಿದೀವಮ್ಮಾ.”

“ನಾವು ಯಾವ ಮೇಜನ್ನೂ ಹೇಳಿಲ್ಲ.”

ಹೊರಗೆ ಅವರಿಬ್ಬರೂ ಮುಖ ಮುಖ ನೋಡಿಕೊಂಡರು. ಒಬ್ಬ ಚೀಟಿ ತೆಗೆದು ಓದಿದ. ಆಚೆ ಬೀದಿಯ ವಿಳಾಸ. ಇನ್ನೊಬ್ಬ ಮೇಜಿನ ಕಾಲಿಗೆ ತಲೆಯಾನಿಸಿ ನಿಂತುಬಿಟ್ಟ. “ಒಂದು ಲೋಟ ನೀರು ಸಿಗುತ್ತಾ ಅಮ್ಮಾ?” ಎಂದ, ತಲೆಯೆತ್ತದೆ.

ಅತ್ತೆ ತಿರುಗಿ ನನ್ನ ಮುಖ ನೋಡಿದರು. ಚಿಲಕದ ಮೇಲೆ ಅವರ ಕೈ ಇತ್ತು. ಕೀಲಿ ಅವರದು, ಅವರೇ ತೆಗೆಯಬಹುದಿತ್ತು.

“ತೆಗೀಲಾ?” ಎಂದರು.

ಗಾಜಿನಲ್ಲಿ ಮತ್ತೊಮ್ಮೆ ನೋಡಿದೆ. ಅವನ ಅಂಗಿಯ ಹೆಗಲು ಹರಿದಿತ್ತು, ಮೇಜಿನ ಭಾರ ಒತ್ತಿ ಕೆಂಪಾಗಿದ್ದ ಚರ್ಮ ಕಾಣುತ್ತಿತ್ತು.

“ತೆಗೀರಿ” ಎಂದೆ.

ನೀರು ನಾನೇ ತಂದೆ. ಲೋಟ ಕೊಡುವಾಗ ನನ್ನ ಕೈ ನಡುಗಿ ನೀರು ತುಳುಕಿತು. ಅವನು ನೋಡಿಯೂ ನೋಡದವನ ಹಾಗೆ ಎರಡು ಕೈ ಚಾಚಿ, ಲೋಟವನ್ನು ನನ್ನ ಬೆರಳುಗಳ ಸಮೇತ ಒಂದು ಗಳಿಗೆ ಹಿಡಿದುಕೊಂಡು, ನಡುಕ ನಿಂತ ಮೇಲೆ ಮೆಲ್ಲಗೆ ತೆಗೆದುಕೊಂಡ.